ತೂಗು ಗಾಡಿಯೂ ಲಿಂಬೆಹಣ್ಣೂ

ದಾಂಡೇಲಿಯ ತೂಗು ರೋಲರ್ ಕೋಸ್ಟರ್ ನಾಲ್ಕು ವರ್ಷ ಒಂದೂ ಅಪಘಾತವಿಲ್ಲದೆ ಸೇವೆ ಸಲ್ಲಿಸಿ ಈಗ ಮುಚ್ಚಿದೆ. ಅಷ್ಟು ದಿನ ಅದು ಓಡಿರಲಿಲ್ಲ ಎಂಬುದು ಬೇರೆ ಮಾತು.

ಕಾಳಿ ಹೊಳೆ ದಂಡೆಯ ಉದ್ಯಾನದಲ್ಲಿ ಅದನ್ನು ಜೋಡಿಸಿದವರು ಮೆಕ್ಯಾನಿಕ್ ಅಬ್ದುಲ್ ಕರೀಮ. ಮೊದಲ ಸೀಟು ಹೆಂಡತಿ ಖೈರುನ್ನಿಸಾಗೆ ಎಂದು ಮಾತು ಕೊಟ್ಟಿದ್ದರು.

ಉದ್ಘಾಟನೆಗೆ ಮುಂಡಗೋಡ ಸಂತೆಯಿಂದ ಲಿಂಬೆಹಣ್ಣು ಬಂತು. ಹೊಸ ಗಾಡಿ ಮೊದಲು ಲಿಂಬೆಹಣ್ಣಿನ ಮೇಲೆ ಹಾಯಬೇಕು. ಬಸ್ಸಾಗಲಿ, ಟ್ರ್ಯಾಕ್ಟರಾಗಲಿ, ಪದ್ಧತಿ ಒಂದೇ. ಇಲ್ಲಿ ಮಾತ್ರ ಚಕ್ರಗಳು ಮೇಲೆ ಹಳಿಯಲ್ಲಿದ್ದವು. ಗಾಡಿ ಕೆಳಗೆ ಜೋತಾಡುತ್ತಿತ್ತು.

“ಹಳಿ ಮ್ಯಾಲೆ ಇಡ್ತೇನ್ರಿ,” ಎಂದರು ಕರೀಮ.

“ಚಕ್ರದ ಕೆಳಗ ನೆಲ ಇರಬೇಕು, ಕರೀಮಣ್ಣ. ಹಳಿ ನೆಲ ಅಲ್ಲ,” ಎಂದರು ಉದ್ಯಾನ ಸಮಿತಿಯ ಕಾರ್ಯದರ್ಶಿ ಮೌನೇಶ.

“ನೆಲದ ಮ್ಯಾಲೆ ಇಟ್ರ?”

“ಮೂವತ್ತೆಂಟು ಅಡಿ ಅಂತರ ಐತಿ. ಹಣ್ಣು ಒಡಿಯೂದು ಹೆಂಗ?”

ಉದ್ಘಾಟನೆಯನ್ನು ಮುಂದೂಡಲಾಯಿತು. ಲಿಂಬೆಹಣ್ಣು ಉಪಸಮಿತಿ ರಚನೆಯಾಯಿತು. ಭೂಮಾಪಕರು ಬಂದರು, ಹಳಿ ಅಳೆದರು, ಗಾಳಿಗೆ ಸರ್ವೆ ನಂಬರ್ ಇಲ್ಲವೆಂದು ಬರೆದುಕೊಟ್ಟರು. ಅಷ್ಟರಲ್ಲಿ ಹಣ್ಣು ಒಣಗಿತು. ಹೊಸ ಹಣ್ಣಿಗೆ ಹೊಸ ಉಪಸಮಿತಿ ಬೇಕಾಯಿತು.

ಜನ ಕಾಯಬಾರದೆಂದು ಪ್ರಕಟಣೆ ಹೊರಟಿತು: “ಸಾರ್ವಜನಿಕರು ಅಟ್ಟಣೆ ಹತ್ತಿ, ನಿಂತ ಗಾಡಿಯಲ್ಲಿ ಹದಿನೈದು ನಿಮಿಷ ಕೂರಬಹುದು. ಚಪ್ಪಲಿ ಕೆಳಗೇ ಬಿಡತಕ್ಕದ್ದು. ಕಿರುಚುವುದು ಕಡ್ಡಾಯ.”

ಹಳಿಯಾಳ, ಜೋಯಿಡಾದಿಂದ ಜನ ಬಂದು ಕಿರುಚಿ ಹೋದರು. ಯಾರೂ ದೂರಲಿಲ್ಲ. ಖೈರುನ್ನಿಸಾ ಮಾತ್ರ ಏರಲಿಲ್ಲ.

“ಓಡಿದ್ರ ಕುಂದರ್ತೇನಿ,” ಎಂದರು.

ಕರೀಮ ದಿನಾ ಚಕ್ರಗಳಿಗೆ ಗ್ರೀಸ್ ಹಚ್ಚುತ್ತಿದ್ದರು. ಅವರ ನಿವೃತ್ತಿಗೆ ವಾರವಿರುವಾಗ ಮೇಲಿನ ಕಚೇರಿಯಿಂದ ಆದೇಶ ಬಂತು: “ನಾಲ್ಕು ವರ್ಷದ ಬಳಕೆಯಿಂದ ಗಾಡಿ ಸವೆದಿದೆ. ಮುಚ್ಚುವುದು.”

ಮೌನೇಶ ನಿಯಮ ಪುಸ್ತಕ ತೆರೆದರು. ಓಡದ ಗಾಡಿಯನ್ನು ನಿಲ್ಲಿಸಲು ಅವಕಾಶವಿರಲಿಲ್ಲ.

“ಕರೀಮಣ್ಣ, ಮುಚ್ಚಬೇಕಂದ್ರ ಒಮ್ಮೆ ಓಡಿಸಬೇಕಾಗ್ತೈತಿ.”

“ಲಿಂಬಿಹಣ್ಣು?”

“ಅದು ಶುರು ಮಾಡಾಕ. ಮುಚ್ಚಾಕ ಬ್ಯಾಡ.”

ಖೈರುನ್ನಿಸಾ ಚಪ್ಪಲಿ ಬಿಟ್ಟು ಮೊದಲ ಸೀಟಿನಲ್ಲಿ ಕೂತರು. ಕರೀಮ ಗುಂಡಿ ಒತ್ತಿದರು. ಗಾಡಿ ಸಾಗವಾನಿ ಮರಗಳ ಮೇಲೇರಿತು, ಹೊಳೆಯ ಕಡೆ ವಾಲಿತು, ಐವತ್ತು ಸೆಕೆಂಡಿಗೆ ಮರಳಿತು. ಆಕೆ ಕಿರುಚಲಿಲ್ಲ, ನಕ್ಕರು. ನಿಯಮ ಉಲ್ಲಂಘನೆ ಎಂದು ದಾಖಲಾಯಿತು.

ಮೌನೇಶ ಬೀಗ ಎತ್ತಿಕೊಂಡರು. ನೆರೆದವರು ಚಪ್ಪಾಳೆ ತಟ್ಟಿದರು.

“ಇನ್ನೊಂದು ಸುತ್ತು ಹೋಗೂಣೇನ್ರಿ?” ಎಂದರು ಖೈರುನ್ನಿಸಾ.

“ಅದಕ್ಕ ಲಿಂಬಿಹಣ್ಣು ಬೇಕು,” ಎಂದರು ಕರೀಮ.

“ಹೌದಲ್ಲ,” ಎಂದು ಆಕೆ ಇಳಿದು ಚಪ್ಪಲಿ ಮೆಟ್ಟಿಕೊಂಡರು.