ತಪ್ಪು ಮಂಡಿಯ ಕೊಕ್ಕರೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಕೊಕ್ಕರೆಯ ಮಂಡಿ. ಕೊಕ್ಕರೆ ಅಂದರೆ ಕೆರೆಯಲ್ಲಿ ಮೀನು ಕಾಯುವ ಕೊಕ್ಕರೆಯಲ್ಲ, ಬಿಯರ್ ಡಬ್ಬಿಯ ಮೇಲೆ ನಿಂತ ಕೊಕ್ಕರೆ.

ಬಿಯರ್ ಅಕ್ಕನದು, ಕೊಕ್ಕರೆ ತಮ್ಮನದು. ಅಕ್ಕ ಹಳೇ ಟೈರ್ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಐದು ಸ್ಟೀಲ್ ಟ್ಯಾಂಕು ನಿಲ್ಲಿಸಿ, ‘ಒಂಟಿಕಾಲು’ ಅನ್ನುವ ಹೆಸರಲ್ಲಿ ಬಿಯರ್ ಮಾಡುತ್ತಿದ್ದಳು. ಅವಳ ಕೈಗುಣ ಎಂಥದ್ದು ಅಂದರೆ, ಟ್ಯಾಂಕಿಗೆ ಕಿವಿಯಿಟ್ಟು ಒಳಗಿನ ಗುಳುಗುಳು ಕೇಳಿಯೇ “ಇನ್ನೆರಡು ದಿನ ಬೇಕು” ಅನ್ನುತ್ತಿದ್ದಳು. ಎರಡೇ ದಿನ ಬೇಕಾಗುತ್ತಿತ್ತು. ಬಾರ್ಲಿ ಮೂಟೆ ಬಿಚ್ಚಿ ಒಂದು ಹಿಡಿ ಮೂಸಿದಳೆಂದರೆ, ಹಳೇ ಮಾಲು ತಂದವನು ತಾನಾಗಿಯೇ ಮೂಟೆ ವಾಪಸ್ ಹೊರುತ್ತಿದ್ದ. ಇಂಥ ಹೆಂಗಸು ಊರಿಗೊಬ್ಬಳು ಇದ್ದರೆ ಹೆಚ್ಚು.

ತಮ್ಮ ಅಂಥ ಪ್ರತಿಭೆಯೇನಲ್ಲ. ಡಬ್ಬಿ ತುಂಬುವುದು, ಲೇಬಲ್ ಅಂಟಿಸುವುದು, ಅಂಗಡಿಗಳಿಗೆ ಹಾಕಿ ಬರುವುದು ಅವನ ಕೆಲಸ. ಬೀದಿಯವರು ಅವನನ್ನು ಕರೆಯುವುದೇ ‘ಲೇಬಲ್ಲು’ ಅಂತ. ಎರಡು ವರ್ಷದ ಹಿಂದೆ ಹಳದಿ ಕಾಗದದ ಮೇಲೆ ಒಂದು ಕಾಲು ಎತ್ತಿ ನಿಂತ ಕೊಕ್ಕರೆ ಬರೆದವನೂ ಅವನೇ. ಎತ್ತಿದ ಕಾಲಿನ ಮಂಡಿ ಹಿಂದಕ್ಕೆ ಮಡಚಬೇಕಾದದ್ದು ಮುಂದಕ್ಕೆ ಮಡಚಿಬಿಟ್ಟಿತ್ತು. ಕೊಕ್ಕರೆ ಮೆಟ್ಟಿಲು ಹತ್ತುವ ಗುಮಾಸ್ತನ ಹಾಗೆ ಕಾಣುತ್ತಿತ್ತು.

ಬೀದಿಯವರು ಬಿಡುತ್ತಾರೆಯೇ? ಬಿಯರ್ ಕುಡಿದು ಹೊಗಳಿದ ಬಾಯಲ್ಲೇ ಮಂಡಿಯನ್ನು ಆಡಿಕೊಂಡರು. “ಲೇಬಲ್ಲು, ನಿನ್ನ ಕೊಕ್ಕರೆ ಎಷ್ಟನೇ ಮಹಡಿಗೆ ಹೊರಟಿದೆಯಪ್ಪಾ?” ಅಂತ ಕ್ಷೌರದಂಗಡಿಯವನು ದಿನಾ ಕೇಳುತ್ತಿದ್ದ. ಅಕ್ಕ “ಇರಲಿ ಬಿಡೋ, ನನಗೆ ಆ ಕಾಲೇ ಇಷ್ಟ” ಅಂದರೂ ಲೇಬಲ್ಲಿಗೆ ಸಮಾಧಾನವಿಲ್ಲ. ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಒಂದು ತಿಂಗಳು ಪಾಠಕ್ಕೆ ಹೋದ. ದಿನಕ್ಕೆ ನೂರು ಮಂಡಿಯಂತೆ ಬರೆದು ಕೊನೆಗೂ ಸರಿಯಾದ ಕೊಕ್ಕರೆ ಕಲಿತ, ಹೊಸ ಲೇಬಲ್ ಅಚ್ಚು ಹಾಕಿಸಿದ. ಹಳೇ ಅವಮಾನದ ಚೂರೂ ಉಳಿಯಬಾರದೆಂದು ಮೂಲ ಚಿತ್ರ ಹರಿದು, ಮುದ್ರಣದವರ ಕಂಪ್ಯೂಟರಿನಿಂದ ಅಳಿಸಿಹಾಕಿಸಿ, ಅಂಗಡಿಗಳಲ್ಲಿ ಉಳಿದಿದ್ದ ಡಬ್ಬಿಗಳನ್ನೂ ವಾಪಸ್ ತಂದು ಹೊಸದನ್ನು ಅಂಟಿಸಿದ.

ಅದೇ ವಾರ ದೊಡ್ಡ ಕಂಪನಿಯೊಂದು ಹಳದಿ ಡಬ್ಬಿಯಲ್ಲಿ ಹೊಸ ಬಿಯರ್ ಬಿಟ್ಟಿತು. ಮೇಲೆ ಕೊಕ್ಕರೆ. ಹೆಸರು ‘ಒಂಟಿಗಾಲು’. ಕ ಹೋಗಿ ಗ ಬಂದಿತ್ತು, ಅಷ್ಟೆ.

ಅಕ್ಕ ತಮ್ಮ ಇಬ್ಬರೂ ಟ್ರೇಡ್‌ಮಾರ್ಕ್ ಕಚೇರಿಗೆ ದೂರು ಕೊಟ್ಟರು. ಅಂಗಡಿಯವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: ಒಂದೇ ಥರದ ಎರಡು ಡಬ್ಬಿ ಇಡುವುದಿಲ್ಲ, ಸೋತವರದ್ದನ್ನು ತೆಗೆಯುತ್ತೇವೆ. ಸೋತರೆ ಐದೂ ಟ್ಯಾಂಕಿಗೆ ಬೀಗ. ವಿಚಾರಣೆಯ ದಿನ ಅಕ್ಕನ ಹಂಡೆ ಕುದಿಯುತ್ತಿತ್ತು, ಬಿಟ್ಟು ಬರುವ ಹಾಗಿಲ್ಲ. “ಬಾಯಿಗೆ ಬಂದಂಗೆ ಮಾತಾಡಬೇಡ, ಕೇಳಿದ್ದಕ್ಕೆ ಉತ್ತರ ಕೊಡು” ಅಂತ ಹೇಳಿ ತಮ್ಮನೊಬ್ಬನನ್ನೇ ಕಳಿಸಿದಳು.

ಕಚೇರಿಯಲ್ಲಿ ಅಧಿಕಾರಿ ಮೇಡಂ ಮೇಜಿನ ಮೇಲೆ ಎರಡೂ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಕಂಪನಿಯ ಪರವಾಗಿ ಬಂದ ವಕೀಲರನ್ನು ಮೆಚ್ಚಲೇಬೇಕು. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

“ಮೇಡಂ, ಕೊಕ್ಕರೆ ಪ್ರಕೃತಿಯ ಸೃಷ್ಟಿ, ಇವರ ಸೃಷ್ಟಿಯಲ್ಲ. ಹಳದಿ ಬಿಯರಿನ ಬಣ್ಣ. ಇನ್ನು ಹೆಸರು. ಅವರದು ಒಂಟಿ ಕಾಲು, ಬಿಡಿಬಿಡಿ ಪದ. ನಮ್ಮದು ಒಂಟಿಗಾಲು, ಸಂಧಿ ಆಗಿದೆ. ಕಕಾರಕ್ಕೆ ಗಕಾರ ಆದೇಶ. ವ್ಯಾಕರಣ ಪಾಲಿಸಿದ್ದು ನಮ್ಮ ತಪ್ಪೇ?”

ಮೇಡಂ ತಲೆದೂಗಿದರು. ಲೇಬಲ್ಲು ಕಂಪನಿಯ ಡಬ್ಬಿಯನ್ನೇ ದಿಟ್ಟಿಸಿದ. ಇಲ್ಲಿಯವರೆಗೆ ಆ ಡಬ್ಬಿ ಕಂಡಾಗಲೆಲ್ಲ ಸಿಟ್ಟು ನೆತ್ತಿಗೇರಿ, ಕೊಕ್ಕರೆಯ ಕಾಲಿನವರೆಗೆ ಅವನ ಕಣ್ಣು ಇಳಿದೇ ಇರಲಿಲ್ಲ. ಈಗ ಇಳಿಯಿತು. ಮಂಡಿ ಮುಂದಕ್ಕೆ ಮಡಚಿತ್ತು.

“ಮೇಡಂ, ಆ ತಪ್ಪು ನಂದು” ಅಂದ.

“ಯಾವ ತಪ್ಪು?”

“ಆ ಮಂಡಿ. ದೇವರು ಮಾಡಿದ ಕೊಕ್ಕರೆಗೆ ಮಂಡಿ ಹಿಂದಕ್ಕೆ ಮಡಚುತ್ತೆ. ಮುಂದಕ್ಕೆ ಮಡಚಿದ್ದು ನಾನೊಬ್ಬನೇ. ಇವರು ಕಣ್ಣುಮುಚ್ಚಿ ಕಾಪಿ ಹೊಡೆದಿದ್ದಾರೆ.”

ಮೇಡಂ ಕನ್ನಡಕ ಏರಿಸಿ ಎರಡೂ ಡಬ್ಬಿ ನೋಡಿದರು. “ಆದ್ರೆ ನಿಮ್ಮ ಡಬ್ಬೀಲಿ ಮಂಡಿ ಸರಿಯಾಗೇ ಇದೆಯಲ್ರೀ.”

“ಅದು ಹೋದ ವಾರ ಸರಿ ಮಾಡಿದ್ದು ಮೇಡಂ.”

“ಹಳೇದು ಎಲ್ಲಿ? ಫೋಟೋ ಆದ್ರೂ ಇದೆಯಾ?”

“ಎಲ್ಲಾ ಅಳಿಸಿಬಿಟ್ಟೆ ಮೇಡಂ. ನಾಚಿಕೆ ಆಗ್ತಿತ್ತು.”

“ಇವತ್ತು ಸಂಜೆ ನಾಲ್ಕು ಗಂಟೆಯೊಳಗೆ ಒಂದು ಹಳೇ ಡಬ್ಬಿ ತನ್ನಿ. ಇಲ್ಲದಿದ್ರೆ ಫೈಲ್ ಮುಚ್ತೀನಿ.”

ಎರಡು ವರ್ಷ ಯಾವ ತಪ್ಪಿನಿಂದ ತಲೆ ತಪ್ಪಿಸಿಕೊಂಡು ಓಡಾಡಿದ್ದನೋ ಈಗ ಅದನ್ನೇ ಹುಡುಕುತ್ತ ಬೀದಿ ಬೀದಿ ಓಡಿದ. ಮೊದಲು ಕ್ಷೌರದಂಗಡಿ. ಅಲ್ಲಿ ಬ್ರಷ್ ನಿಲ್ಲಿಸಲು ಅಕ್ಕನ ಖಾಲಿ ಡಬ್ಬಿಯೇ ಇತ್ತು. ಎರಡು ವರ್ಷ ಸೋಪಿನ ನೀರು ಕುಡಿದು ಲೇಬಲ್ ಯಾವತ್ತೋ ಕರಗಿಹೋಗಿತ್ತು.

“ಆ ಮಂಡಿ ಬೇಕಿತ್ತಾ ನಿನಗೆ?” ಕ್ಷೌರಿಕ ಕತ್ತಿ ಕೆಳಗಿಟ್ಟು ನಿಂತ. “ಮೊದಲೇ ಹೇಳಬಾರದಿತ್ತಾ, ಜೋಪಾನ ಮಾಡ್ತಿದ್ದೆ. ತಡಿ, ಮೇಲಿನ ಮನೆ ದರ್ಜಿ ಹತ್ರ ಒಂದಿದೆ, ಗುಂಡಿ ಹಾಕಿಡೋಕೆ ಇಟ್ಕೊಂಡಿದ್ದಾನೆ.”

ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಸೇರಿ ಮೂವರು ಮೆಟ್ಟಿಲು ಹತ್ತಿದರು. ದರ್ಜಿ ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ಡಬ್ಬಿ ಕೊಟ್ಟ. ಹಳದಿ ಲೇಬಲ್, ಕೊಕ್ಕರೆ, ಮುಂದಕ್ಕೆ ಮಡಚಿದ ಮಂಡಿ. ಲೇಬಲ್ಲು ದರ್ಜಿಯನ್ನು ತಬ್ಬಿಕೊಂಡ. ಗಿರಾಕಿ ಮಾತ್ರ ಹೆಸರನ್ನೂ ಓದಿದ. “ರೀ, ಇದು ಒಂಟಿ‘ಗಾ’ಲು” ಅಂದ.

“ನಿಮ್ಮಕ್ಕಂದೇ ಅನ್ಕೊಂಡು ತಗೊಂಡೆ ಕಣೋ” ಅಂತ ದರ್ಜಿ ಕೈ ಹಿಸುಕಿಕೊಂಡ. “ಬಾಯಿಗಿಟ್ಟ ಮೇಲೇ ಗೊತ್ತಾಗಿದ್ದು. ನಿಮ್ಮಕ್ಕನ ಬಿಯರಿನ ಮುಂದೆ ಇದು ಡಬ್ಬಿ ತೊಳೆದ ನೀರು.” ಹೊಗಳಿಕೆಯೇನೋ ಅಪ್ಪಟ, ಕೆಲಸಕ್ಕೆ ಮಾತ್ರ ಬರುವಂತಿರಲಿಲ್ಲ.

ಅಲ್ಲಿಂದ ಗುಜರಿ ಅಂಗಡಿ. ಗುಜರಿ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಯಂತ್ರದಲ್ಲಿ ಒತ್ತಿಟ್ಟ ತಗಡಿನ ಇಟ್ಟಿಗೆಯೊಂದನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು.

“ಇದರೊಳಗೆ ನೂರಿಪ್ಪತ್ತು ಕೊಕ್ಕರೆ ಇವೆ. ಯಾವುದು ಬೇಕೋ ಆರಿಸ್ಕೋ.”

ಅದರಲ್ಲಿ ಮಂಡಿಗಳು ಮುಂದಕ್ಕೆ, ಹಿಂದಕ್ಕೆ, ಮೇಲಕ್ಕೆ, ಎಲ್ಲ ಕಡೆಗೂ ಮಡಚಿಕೊಂಡಿದ್ದವು. ಲೇಬಲ್ಲು ಇಟ್ಟಿಗೆಯ ಪಕ್ಕದಲ್ಲೇ ಕುಕ್ಕರಿಸಿದ. ಗಂಟೆ ಮೂರಾಗಿತ್ತು. ಅಕ್ಕನಿಗೆ ಯಾವ ಮುಖ ಹೊತ್ತು ಹೇಳಲಿ ಅಂತ ಅವನ ಕಣ್ಣು ತುಂಬಿಬಂತು. ಅವಳು ಬೆಳಗ್ಗೆ ಐದಕ್ಕೆದ್ದು ಹಂಡೆ ತೊಳೆಯುವುದನ್ನು ಚಳಿಯಲ್ಲೂ ಜ್ವರದಲ್ಲೂ ಎರಡು ವರ್ಷ ನೋಡಿದವನು ಅವನು.

“ಹೆಣ್ಣುಮಕ್ಕಳ ಥರ ಅಳಬೇಡ” ಅಂದಳು ಅಜ್ಜಿ. ಒಂದು ಗಳಿಗೆ ಯೋಚಿಸಿ, “ನಾನೂ ಹೆಣ್ಣೇ, ಅಳಲ್ಲ ನೋಡು” ಅಂತ ತಾನೇ ತಿದ್ದಿಕೊಂಡಳು. “ನಿನ್ನ ಡ್ರಾಯಿಂಗ್ ಮೇಷ್ಟ್ರು ಏನನ್ನೂ ಗುಜರಿಗೆ ಹಾಕಿದವರಲ್ಲ. ಅಲ್ಲಿ ವಿಚಾರಿಸು.”

ಮೇಷ್ಟ್ರು ಜನ್ಮದಲ್ಲಿ ಬಿಯರ್ ಮುಟ್ಟಿದವರಲ್ಲ. ಆದರೂ ಅವರ ಕಪಾಟಿನಲ್ಲಿ, ಗಾಜಿನ ಹಿಂದೆ, ಒಂದು ಹಳದಿ ಡಬ್ಬಿ ಮಿರಮಿರ ಮಿಂಚುತ್ತಿತ್ತು. ಒಂಟಿಕಾಲು. ಹಳೇದು. ತಪ್ಪು ಮಂಡಿಯ ಸುತ್ತ ಕೆಂಪು ಶಾಯಿಯ ವೃತ್ತ, ಪಕ್ಕದಲ್ಲಿ ‘ಅಂಗರಚನೆ ತಪ್ಪು. ಹತ್ತಕ್ಕೆ ಎರಡು ಅಂಕ’, ಕೆಳಗೆ ಸಹಿ, ಎರಡು ವರ್ಷದ ಹಿಂದಿನ ತಾರೀಕು.

“ಶಿಷ್ಯರಿಗೆ ಹೇಗೆ ಬರೀಬಾರದು ಅಂತ ತೋರಿಸೋಕೆ ಇಟ್ಕೊಂಡಿದ್ದೆ. ನೀನು ಪಾಠಕ್ಕೆ ಬರ್ತಿದ್ದಾಗ ಮಾತ್ರ ಒಳಗಿಡ್ತಿದ್ದೆ” ಅಂದರು ಮೇಷ್ಟ್ರು. “ಇದರಷ್ಟು ಒಳ್ಳೇ ಕೆಟ್ಟ ಉದಾಹರಣೆ ನನಗೆ ಇನ್ನೊಂದು ಸಿಕ್ಕಿಲ್ಲ. ಡಬ್ಬಿ ಕೊಡ್ತೀನಿ, ಆದ್ರೆ ನಾನೂ ಬರ್ತೀನಿ. ವಿವರಿಸೋರು ಬೇಕಲ್ಲ.”

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಇಬ್ಬರೂ ಕಚೇರಿ ಸೇರಿದರು. ಮೇಷ್ಟ್ರು ಡಬ್ಬಿಯನ್ನು ಎತ್ತಿ ಹಿಡಿದು ಅರ್ಧ ಗಂಟೆ ಪಾಠ ಮಾಡಿದರು. ಈ ಮಂಡಿ ಎಷ್ಟು ತಪ್ಪು, ಯಾಕೆ ತಪ್ಪು, ಇಂಥ ತಪ್ಪು ಮಾಡಲು ಎಷ್ಟು ಅಜ್ಞಾನ ಬೇಕು, ಎಲ್ಲ ಹೇಳಿದರು. ಮೇಡಂ ಪ್ರತಿ ಮಾತಿಗೂ ಲೇಬಲ್ಲಿನ ಕಡೆ ತಿರುಗಿ, “ಒಪ್ತೀರಾ?” ಅಂತ ಕೇಳಿದರು.

“ಒಪ್ತೀನಿ ಮೇಡಂ. ಇಷ್ಟು ಕೆಟ್ಟದಾಗಿ ಬರೆಯೋಕೆ ನನ್ನೊಬ್ಬನಿಂದಲೇ ಸಾಧ್ಯ.”

ಅವಮಾನವನ್ನು ಎದೆಯುಬ್ಬಿಸಿ ಹೊತ್ತ ಮನುಷ್ಯನನ್ನು ನೋಡಬೇಕಿದ್ದರೆ ಅವತ್ತು ಅಲ್ಲಿರಬೇಕಿತ್ತು. ಅಕ್ಕನಿಗಾಗಿ ಅವನು ಎರಡು ಅಂಕವನ್ನು ಸೊನ್ನೆಗಿಳಿಸಿದ್ದರೂ ಒಪ್ಪುತ್ತಿದ್ದ.

ಮೇಡಂ ತೀರ್ಪು ಬರೆಸಿದರು. ಮುಂದಕ್ಕೆ ಮಡಚಿದ ಮಂಡಿ ದೂರುದಾರನ ಸ್ವಂತ ಸೃಷ್ಟಿ. ಕಂಪನಿ ಹದಿನೈದು ದಿನದೊಳಗೆ ಆ ಕೊಕ್ಕರೆಯನ್ನು ಹಿಂತೆಗೆಯಬೇಕು. ಲೇಬಲ್ಲು ಮೇಷ್ಟ್ರ ಕಾಲಿಗೆ ಬೀಳಲು ಬಗ್ಗಿದ.

“ಸ್ವಲ್ಪ ನಿಲ್ರಿ, ಇನ್ನೂ ಇದೆ” ಅಂದರು ಮೇಡಂ. “ಸರಿಯಾದ ಮಂಡಿ ಪ್ರಕೃತಿದು, ಅದನ್ನ ಯಾರು ಬೇಕಾದ್ರೂ ಹಾಕ್ಕೋಬಹುದು. ನಿಮ್ಮ ಗುರುತು ತಪ್ಪು ಮಂಡಿ ಅಂತ ನೀವೇ ಹೇಳಿದೀರಿ. ಅದೇ ಇರಲಿ. ನಾಳೆ ಬೆಳಗ್ಗೆ ಹತ್ತಕ್ಕೆ ನಿಮ್ಮ ಕೈಯಾರೆ ಬರೆದ ಮೂಲ ಚಿತ್ರ ತಂದು ನೋಂದಣಿ ಮಾಡಿಸಿ. ತಪ್ಪಿದ್ರೆ ಆದೇಶ ರದ್ದು. ಈ ಡಬ್ಬಿ ಸಾಕ್ಷಿ, ಇಲ್ಲೇ ಸೀಲ್ ಆಗಿರುತ್ತೆ.”

ವಕೀಲರು ಕೈ ಕುಲುಕಿ, “ಅಭಿನಂದನೆ. ನಾವು ಮಂಡಿ ತಿರುಗಿಸ್ಕೋತೀವಿ” ಅಂತ ನಕ್ಕು ಹೋದರು.

ಗೋದಾಮಿನಲ್ಲಿ ಅಕ್ಕ ವಿಷಯ ಕೇಳಿ ಹಂಡೆಯ ಸೌಟು ಹಿಡಿದೇ ತಮ್ಮನ ತಲೆ ಸವರಿದಳು. “ನೀನು ಗೆದ್ದು ಬರ್ತೀಯ ಅಂತ ಗೊತ್ತಿತ್ತು ಕಣೋ” ಅಂದಳು. ಹೊಸ ಲೇಬಲ್ಲುಗಳೆಲ್ಲ ರದ್ದಿಯಾದವಲ್ಲ ಅಂತ ಅವನು ಪೇಚಾಡಿದರೆ, “ಹಾಳಾಗಲಿ ಬಿಡು, ನನ್ನ ಕೊಕ್ಕರೆ ವಾಪಸ್ ಬಂತಲ್ಲ” ಅಂತ ಮತ್ತೆ ಹಂಡೆಯ ಹತ್ತಿರ ಹೋದಳು.

ಲೇಬಲ್ಲು ಕಾಗದ ಹರಡಿಕೊಂಡು ಕೂತ. ಕೊಕ್ಕು ಬಂತು, ಕತ್ತು ಬಂತು, ಎತ್ತಿದ ಕಾಲೂ ಬಂತು. ಮಂಡಿ ಹಿಂದಕ್ಕೆ ಮಡಚಿತು. ಇನ್ನೊಂದು ಹಾಳೆ ತಗೊಂಡ. ಮತ್ತೆ ಹಿಂದಕ್ಕೆ. ಹಲ್ಲು ಕಚ್ಚಿ ಮುಂದಕ್ಕೆ ತಿರುಗಿಸಿದರೆ ಮುರಿದ ಛತ್ರಿಯ ಕಡ್ಡಿಯಂತಾಯಿತೇ ಹೊರತು ಆ ಮೊದಲಿನ ಗುಮಾಸ್ತ ಮೆಟ್ಟಿಲು ಹತ್ತಲಿಲ್ಲ. ಹದಿನೇಳು ಹಾಳೆ ಹಾಳಾದ ಮೇಲೆ ಮೇಷ್ಟ್ರಿಗೆ ಫೋನ್ ಮಾಡಿದ.

“ಮೇಷ್ಟ್ರೇ, ತಪ್ಪು ಬರೆಯೋದು ಹೇಗೆ?”

“ನಾನು ಕಲಿಸಿದ ವಿದ್ಯೆ ಅಷ್ಟು ಸುಲಭಕ್ಕೆ ಮರೆತುಹೋಗಲ್ಲಪ್ಪಾ” ಅಂದರು ಮೇಷ್ಟ್ರು, ಸಂತೋಷದಿಂದ.

ಲೇಬಲ್ಲು ಫೋನ್ ಇಟ್ಟು ಎದ್ದು ಟೋಪಿ ಕಣ್ಣಿನವರೆಗೆ ಎಳೆದುಕೊಂಡ. ಮೂರು ಬೀದಿ ಆಚೆಯ, ತನ್ನ ಗುರುತಿಲ್ಲದ ಅಂಗಡಿಗೆ ಹೋಗಿ, ಹಳದಿ ಡಬ್ಬಿಗಳ ಸಾಲಿನಿಂದ ಒಂದನ್ನು ದುಡ್ಡು ಕೊಟ್ಟು ಕೊಂಡು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಂದ. ಅದನ್ನು ಮೇಜಿನ ಮೇಲೆ ನಿಲ್ಲಿಸಿ, ಗೆರೆಗೆ ಗೆರೆ ನೋಡಿಕೊಂಡು ಬರೆಯತೊಡಗಿದ. ಈ ಸಲ ಮಂಡಿ ಥೇಟ್ ಹಾಗೇ ಬರುತ್ತಿತ್ತು. ಅಷ್ಟರಲ್ಲಿ ಅಕ್ಕ ಒಳಗೆ ಬಂದಳು. ಮೇಜಿನ ಮೇಲಿದ್ದ ಒಂಟಿಗಾಲನ್ನು ನೋಡಿದಳು, ತಮ್ಮನ ಕಾಗದ ನೋಡಿದಳು.

“ಏನೋ ಇದು, ಅವರ ಡಬ್ಬಿ ನೋಡ್ಕೊಂಡು ಬರೀತಿದೀಯಾ?”

“ಮೊದಲು ಬಾಗಿಲು ಹಾಕಕ್ಕಾ” ಅಂದ ಲೇಬಲ್ಲು ತಲೆಯೆತ್ತದೆ. “ಯಾರಾದ್ರೂ ನೋಡಿದ್ರೆ ಕಾಪಿ ಅಂತಾರೆ.”