ಮುಂಬೈಗೆ ಉಡಿ ತುಂಬಿದ ನಾದಿನಿ

ಮುಂಬೈಗೆ ಹೋಗಿ, ಮುಂಬೈಯನ್ನೇ ನೋಡದೆ ತಿರುಗಿ ಬಂದವಳು ನಮ್ಮ ಸೀಮೆಯಲ್ಲಿ ಒಬ್ಬಳೇ ಇದ್ದಾಳೆ. ಅವಳು ನನ್ನ ನಾದಿನಿಯೇ ಆಗಬೇಕೆ? ಕಣ್ಣಿಗೇನೂ ಆಗಿಲ್ಲ. ಯಾರ ಸೀರೆಗೆ ಫಾಲ್ ಹಚ್ಚಿಲ್ಲವೆಂದು ಓಣಿಯ ಆ ತುದಿಯಿಂದಲೇ ಹೇಳುತ್ತಾಳೆ. ಆದರೆ ಊರು ನೋಡುವುದು ಅವಳ ಕೆಲಸವಲ್ಲ. ಅವಳ ಕೆಲಸ ಉಡಿ ತುಂಬುವುದು.

ಹತ್ತು-ಹನ್ನೆರಡು ವರ್ಷದ ಹಿಂದೆ ಮಿರಜಿನಿಂದ ಒಂದು ಟೂರ್ ಬಸ್ಸು ಹೊರಟಿತ್ತು. ನಮ್ಮಿಬ್ಬರ ಗಂಡಂದಿರೂ ತೀರಿಕೊಂಡಿದ್ದರು, ಮಕ್ಕಳು ತಂತಮ್ಮ ಹೆಂಡಿರ ಮಾತು ಕೇಳುವುದರಲ್ಲಿದ್ದರು. ಬೇಡ ಎನ್ನುವವರೇ ಇರಲಿಲ್ಲ. ನನಗಿದ್ದದ್ದು ಒಂದೇ ಆಸೆ, ಸಮುದ್ರದಲ್ಲಿ ದೋಣಿ ಹತ್ತಬೇಕು. ಕೃಷ್ಣೆಯನ್ನು ಆಡು-ಕುರಿಗಳ ಜೊತೆ ನಾವೆಯಲ್ಲಿ ದಾಟಿದವಳು ನಾನು. ಆಚೆ ದಡವೇ ಕಾಣದ ನೀರಿನ ಮೇಲೆ ಒಮ್ಮೆ ಕೂರಬೇಕಿತ್ತು. ದೋಣಿ ಕೊನೆಯ ದಿನ ಸಂಜೆ ಎಂದ ಗೈಡ್.

ಐನಾಪುರದಿಂದ ನಾದಿನಿ ಬಂದಳು, ಹಿಂದೆ ಒಂದು ಚೀಲವನ್ನು ಎಳೆದುಕೊಂಡು. ಬಿಚ್ಚಿ ನೋಡಿದರೆ ತೆಂಗಿನಕಾಯಿ, ಅಕ್ಕಿ, ರವಿಕೆಗೆಂದು ಕತ್ತರಿಸಿದ ಜಂಪರ್ ಪೀಸು.

“ಏನ್ ಬೇ ಇದು, ಮುಂಬೈದಾಗ ಅಂಗಡಿ ಹಾಕಾಕಿ ಏನ?”

“ಹಂಗಲ್ರಿ ವೈನಿ. ಹೊಸ ಊರು, ಹೆಣ್ಮಕ್ಕಳ ಸಿಗತಾರ. ಬರಿಗೈಲೆ ಹೆಂಗ ಮಾತಾಡ್ಸೂದು?”

ಮನೆಗೆ ಬಂದ ಹೆಣ್ಣುಮಗಳು ಹೊರಟಾಗ ಮುತ್ತೈದೆಯರು ಅವಳ ಸೆರಗಿಗೆ ಅಕ್ಕಿ, ಕಾಯಿ, ಜಂಪರ್ ಪೀಸು ಹಾಕಿ, ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಆದರೆ ಮುಂಬೈಯಲ್ಲಿ ಮನೆ ಯಾರದು, ಹೊರಟವರು ಯಾರು?

ಶುರುವಾದದ್ದು ಲಾಡ್ಜಿನಲ್ಲಿ. ಕೌಂಟರಿನ ಹುಡುಗಿ ಪ್ಯಾಂಟು-ಕೋಟು ಹಾಕಿದ್ದಳು. ಸೆರಗಿಲ್ಲ, ಓಢಣಿಯಿಲ್ಲ. ನಾದಿನಿ ಸುತ್ತಲೂ ಕಣ್ಣಾಡಿಸಿ ಅವಳ ಕೋಟಿನ ಜೇಬಿಗೇ ಅಕ್ಕಿ ಸುರಿದಳು. ನಾವು ಚೆಕ್‌ಔಟ್ ಮಾಡುವವರೆಗೂ ಆ ಹುಡುಗಿ ನಮ್ಮನ್ನು ಕಂಡರೆ ಜೇಬು ಮುಚ್ಚಿಕೊಳ್ಳುತ್ತಿದ್ದಳು.

ಸಮುದ್ರದಂಡೆಯ ದೊಡ್ಡ ಕಮಾನಿನ ಹತ್ತಿರ ಒಬ್ಬ ಬಿಳಿ ಹೆಂಗಸು ಕೈಗೆ ಸಿಕ್ಕಳು. ಅವಳಿಗೆ ಏನು ಅರ್ಥವಾಯಿತೋ, ಹ್ಯಾಟು ತೆಗೆದು ಒಡ್ಡಿದಳು. ಅವರ ಬಸ್ಸಿನವರೆಲ್ಲ ಫೋಟೋ ಹೊಡೆದುಕೊಂಡರು. ನಾವು ಮುಂಬೈ ನೋಡಲು ಹೋಗಿದ್ದೆವೋ, ಮುಂಬೈ ನಮ್ಮನ್ನು ನೋಡಲು ಬಂದಿತ್ತೋ?

ಸಿನಿಮಾ ನಟನ ಬಂಗಲೆಯ ಮುಂದೆ ಬಸ್ಸು ನಿಂತಾಗ ಉಳಿದವರು ಕತ್ತು ಚಾಚಿ ಬಾಲ್ಕನಿ ನೋಡಿದರು. ಇವಳು ವಾಚ್‌ಮನ್ನಿಗೆ ಹೇಳಿದಳು, “ಒಳಗ ಸೊಸಿ ಇದ್ರ ಕರೀರಿ. ಐನಾಪುರದಾಕಿ ಬಂದಾಳಂತ ಹೇಳ್ರಿ.” ಅವನು ಲಾಠಿ ತೋರಿಸಿದ. “ಚಲಾ ಆಜೀ, ಚಲಾ” ಎನ್ನುತ್ತ ಗೈಡ್ ಇವಳನ್ನು ಬಸ್ಸಿಗೆ ಹತ್ತಿಸಿದ.

ಕೊನೆಯ ದಿನ ಸಂಜೆ ಬಂತು. ಕೊನೆಯ ದೋಣಿ ಬುರ್ರೆನ್ನುತ್ತಿತ್ತು. ನಮ್ಮ ಬಸ್ಸಿನವರೆಲ್ಲ ಹತ್ತಿದರು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿ ನೋಡಿದರೆ, ನಾದಿನಿ ಮೀನು ಮಾರುವವಳೊಬ್ಬಳ ಮುಂದೆ ಕೂತು ಜಂಪರ್ ಪೀಸಿನ ಮಡಿಕೆ ಸರಿಮಾಡುತ್ತಿದ್ದಾಳೆ.

“ಏ ಹುಚ್ಚಿ, ದೋಣಿ ಬಿಡಾಕತ್ತೈತಿ, ಬಾ ಬೇ!”

“ಬಂದ್ನಿರಿ ವೈನಿ, ಆಕಿ ಕೈ ತೊಳಕೊಳ್ಳಾಕತ್ತಾಳ.”

ಇವಳೊಬ್ಬಳನ್ನೇ ಆ ಜನಜಂಗುಳಿಯಲ್ಲಿ ಬಿಟ್ಟು ಹೋಗಲಾದೀತೆ? ಕಾಲು ಹಿಂದಕ್ಕೆ ತೆಗೆದೆ. ದೋಣಿ ಹೋಯಿತು. ನಮ್ಮವರು ಕೈ ಬೀಸಿದರು. ನಾನು ಬೀಸಲಿಲ್ಲ.

ಅವಳ ಮುಂದೆ ಹೋಗಿ ನಿಂತೆ. “ಯಾರಕಿ ನಿನಗ? ಬೀಗತಿಯೇನ? ನನ್ನ ದೋಣಿ ತಪ್ಪಿಸಿದೆಲ್ಲ.”

“ಯಾರೂ ಅಲ್ರಿ,” ಎಂದಳು ತಲೆ ತಗ್ಗಿಸಿ. “ಅದಕ್ಕ ತುಂಬೀನ್ರಿ. ಐನಾಪುರದಾಗ ನಾ ತಾಟ ಹಿಡಕೊಂಡ ಎದ್ರ, ‘ನೀ ಕುಂಡ್ರ ಬೇ, ನಾವ್ ತುಂಬತೀವಿ’ ಅಂತಾರ. ನಮ್ಮ ಮನಿಯವರ ತೀರಿ ಹೋದಾಗಿಂದ ನನ್ನ ಮುಂದ ಯಾರೂ ಸೆರಗ ಒಡ್ಡಿಲ್ರಿ. ಈ ಊರಾಗ ಒಬ್ರೂ ನನ್ನ ಹಣಿ ನೋಡಲಿಲ್ಲ.”

ಸಿಟ್ಟು ಇನ್ನೂ ಇತ್ತು, ಸುಳ್ಳು ಹೇಳಲಾರೆ. ದೂರದಲ್ಲಿ ದೋಣಿ ಚುಕ್ಕೆಯಾಗಿತ್ತು.

“ಚೀಲದಾಗ ಇನ್ನೇನರ ಉಳದೈತೇನ?”

“ಒಂದ ಕಾಯಿ ಐತ್ರಿ. ಯಾರಿಗಿ?”

ಸೆರಗು ಒಡ್ಡಿದೆ.

ಅವಳು ನನ್ನ ಹಣೆ ನೋಡಿದಳು. ನನ್ನದೂ ಅವಳದರಂತೆಯೇ ಬರಿದು.

“ವೈನಿ, ನೀವೂ…”

“ತುಂಬ ಬೇ ಲಗೂನ, ಕೈ ನೋಯಾಕತ್ತಾವ.”

ಚೀಲದ ತಳ ಕೆರೆದು ಅಕ್ಕಿ ತೆಗೆದಳು. ಅದರ ಮೇಲೆ ಕಾಯಿ ಇಟ್ಟಳು. ಎಷ್ಟೋ ವರ್ಷಗಳ ಮೇಲೆ ನನ್ನ ಸೆರಗು ಭಾರವಾಯಿತು. ಬಸ್ಸು ಹತ್ತುವವರೆಗೂ ಎರಡೂ ಕೈಯಿಂದ ಹಿಡಿದುಕೊಂಡೇ ಇದ್ದೆ, ಒಂದು ಕಾಳೂ ಚೆಲ್ಲದಂತೆ.