ಬಡ್ಡಿ ದರದ ದಿನ ಒಗ್ಗರಣೆ ಇಲ್ಲ

ಅಮೆರಿಕದ ಪ್ರೆಸಿಡೆಂಟ್ ಯಾರು ಎಂಬುದನ್ನು ಮರೆತರೂ ನಡೆದೀತು, ದೇಶದ ಬಡ್ಡಿ ದರ ಗೊತ್ತುಮಾಡುವ ದೊಡ್ಡ ಬ್ಯಾಂಕಿನ ಅಧ್ಯಕ್ಷರು ಯಾವ ಟೈ ಕಟ್ಟಿದ್ದರು ಎಂಬುದನ್ನು ಮರೆಯಬಾರದು. ಇದು ನನ್ನ ತಮ್ಮನ ಮತ. ಅವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹೇಳುವವರು ಬೇಕಾದಷ್ಟು ಜನರಿದ್ದಾರೆ!

ಅವನ ಮನೆ ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸಿನಲ್ಲಿ. ನಾನೂ ಅಲ್ಲೇ ಇದ್ದೇನೆ. ಅವನಿಗೆ ಅರವತ್ತೆಂಟಾದರೂ ದಿನಾ ಊರು ಸುತ್ತುವ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಬ್ರೇಕ್ ಒತ್ತಿ ಒತ್ತಿ, ಮಂಡಿ ಸವೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

"ಸಾಕು ಬಿಡೋ" ಎಂದರೆ, "ಷೇರ್ ಮಾರ್ಕೆಟ್ ಇನ್ನೊಂದು ಚೂರು ಏರ್ಲಿ ಅಕ್ಕ, ಮಾರನೇ ದಿನಾನೇ ರಿಟೈರ್ ಆಗ್ತೀನಿ" ಎನ್ನುತ್ತಿದ್ದ.

ಮಾರ್ಕೆಟ್ಟು ಏರುತ್ತಲೇ ಇತ್ತು. ಇವನು ಕುಂಟುತ್ತಲೇ ಇದ್ದ.

ಬಡ್ಡಿ ದರ ಹೇಳುವ ದಿನ ಮಾತ್ರ ರಜೆ. ಮಧ್ಯಾಹ್ನ ಟೀವಿ ಮುಂದೆ ಕುಳಿತನೆಂದರೆ ಮನೆಯಲ್ಲಿ ಮಿಕ್ಸಿ ತಿರುಗುವಂತಿಲ್ಲ, ಸಾಸಿವೆ ಸಿಡಿಯುವಂತಿಲ್ಲ. ಗ್ರಹಣಕ್ಕೂ ಇಷ್ಟು ಮಡಿ ಉಂಟೇ? ಒಮ್ಮೆ ಅಧ್ಯಕ್ಷರು ಮಾತಿನ ನಡುವೆ ಎರಡು ಸಲ ನೀರು ಕುಡಿದರು. "ಬಡ್ಡಿ ಏರುತ್ತೆ!" ಎಂದು ಎದ್ದು ನಿಂತ. ಏರಲಿಲ್ಲ. ಆ ಮನುಷ್ಯನಿಗೆ ಬಾಯಾರಿತ್ತು, ಅಷ್ಟೆ.

ಆದರೆ ಊರೆಲ್ಲ ಇವನನ್ನೇ ಕೇಳುವುದು! ಅಟ್ಲಾಂಟಾ ಕಡೆಯ ಕಮ್ಮಿಂಗ್‌ನಿಂದ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ತಮ್ಮನದು ಯಾವಾಗಲೂ ಸ್ಪೀಕರ್. ಮನೆಗೆಲ್ಲ ಕೇಳಬೇಕು.

"ಅಂಕಲ್, ಪ್ರೆಸಿಡೆಂಟ್ ಚೇಂಜ್ ಆಗ್ತಿದಾರೆ. ಎಲ್ಲಾ ಸೆಲ್ ಮಾಡ್ಬಿಡ್ಲಾ?"

"ಮುಟ್ಬೇಡ ಕಣೋ! ಪ್ರೆಸಿಡೆಂಟ್ ಅಂದ್ರೆ ಮದುಮಗ, ಪೇಟ ಕಟ್ಕೊಂಡು ಕೂತಿರ್ತಾನೆ. ಬಡ್ಡಿ ದರ ಇಡೋನು ಅಡುಗೆ ಭಟ್ಟ. ಊಟ ಚೆನ್ನಾಗಿದ್ರೆ ಮದುಮಗನ್ನ ಹೊಗಳ್ತಾರೆ, ಕೆಟ್ರೆ ಮದುಮಗನ್ನ ಬೈತಾರೆ. ನೀನು ಎಲೆ ಮುಂದಿಂದ ಏಳ್ಬೇಡ, ಅಷ್ಟೇ!"

ಆ ಹುಡುಗ ಏಳಲಿಲ್ಲ. ಹೊಸ ಮನೆ ಕಟ್ಟಿದ. ಹೋದ ವರ್ಷ ಸಿಹಿ ಹಿಡಿದುಕೊಂಡು ಬಂದು, "ನೀವು ಯಾವಾಗ ರಿಟೈರ್ ಆಗೋದು ಅಂಕಲ್?" ಎಂದ. ತಮ್ಮ ಟೀವಿ ನೋಡಿದ.

ಹುಡುಗ ಹೋದ ಮೇಲೆ ನಾನು ಬಿಡಲಿಲ್ಲ. ಕೊನೆಗೆ ಬಾಯಿಬಿಟ್ಟ. "ಎರಡು ಸಾವಿರದ ಎಂಟ್ರಲ್ಲಿ ಮಾರ್ಕೆಟ್ಟೆಲ್ಲಾ ಬಿದ್ಹೋಯ್ತಲ್ಲ ಅಕ್ಕ, ಹೆದರಿ ಪೂರ್ತಿ ಮಾರ್ಬಿಟ್ಟೆ. ಮತ್ತೆ ಹಾಕೋಕೆ ಧೈರ್ಯ ಬರ್ಲಿಲ್ಲ. ನನ್ ಹೆಂಡ್ತಿಗೆ ಹೇಳ್ಬೇಡ."

ಊರಿಗೆಲ್ಲ ಕೂತು ಉಣ್ಣಿ ಎಂದವನು ತಾನೇ ಎಲೆ ಬಿಟ್ಟು ಓಡಿದ್ದ!

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಸಂಜೆಯೇ ಅವನ ಹೆಂಡತಿಗೆ ಹೇಳಿದೆ. ಶಾಲೆಯೊಂದರ ಕ್ಯಾಂಟೀನಿನಲ್ಲಿ ಬಡಿಸುವ ಕೆಲಸ ಅವಳದು. ಸೊಪ್ಪು ಬಿಡಿಸುತ್ತಲೇ ನಕ್ಕಳು.

"ಗೊತ್ತು ಅತ್ತಿಗೆ. ಟ್ಯಾಕ್ಸ್ ಪೇಪರ್‌ಗೆ ಇಬ್ರೂ ಸೈನ್ ಹಾಕ್ಬೇಕಲ್ಲ, ಮಾರಿದ್ದೆಲ್ಲ ಅದ್ರಲ್ಲೇ ಇರುತ್ತೆ. ಅವರು ಸೈನ್ ಮಾಡು ಅಂತಾರೆ, ನಾನು ಓದಿ ಮಾಡ್ತೀನಿ."

"ಹತ್ತು ವರ್ಷಕ್ಕೂ ಮೇಲೆ ಸುಮ್ಮನಿದ್ಯಾ?"

"ಸುಮ್ನೆ ಎಲ್ಲಿದ್ದೆ? ಅವರು ಫೋನಲ್ಲಿ ಎಲ್ರಿಗೂ ಹೇಳೋದು ಅಡುಗೆಮನೆಗೆ ಕೇಳ್ಸುತ್ತೆ. ನನ್ ಸಂಬಳ ಅದೇ ಥರ ಷೇರಿಗೆ ಹಾಕ್ತಾ ಬಂದೆ. ಅವರು ಇಷ್ಟೊತ್ತಿಗೇ ರಿಟೈರ್ ಆಗ್ಬಹುದಿತ್ತು."

"ಹೇಳೋಕೇನು ರೋಗ ನಿನಗೆ?"

"ಅವರ ಮುಖ ಚಿಕ್ಕದಾಗುತ್ತೆ, ಅತ್ತಿಗೆ."

"ಮುಖ ಚಿಕ್ಕದಾದ್ರೆ ಆಗ್ಲಿ, ಹೀಗೇ ಬಿಟ್ರೆ ಮಂಡಿ ಪೂರ್ತಿ ಹೋಗುತ್ತೆ!" ಎಂದು ಅವಳ ಕೈಯಿಂದ ಸೊಪ್ಪು ಕಿತ್ತುಕೊಂಡೆ.

ಅವಳು ಹೋಗಿ ಟೀವಿಯ ದನಿ ಅಡಗಿಸಿ, ಅವನ ಎದುರು ಕುಳಿತು ಎಲ್ಲವನ್ನೂ ಹೇಳಿದಳು. "ನೀವು ಹೇಳಿದ್ದನ್ನೇ ಮಾಡಿದ್ದು ರೀ" ಎಂದಳು.

ಅವನು ಟೀವಿ ಆರಿಸಿ ಅವಳ ಕಡೆ ತಿರುಗಿದ.

"ಇಷ್ಟು ವರ್ಷ ನನ್ನ ಮಾತು ಕೇಳ್ತಿದ್ದೆಯೇನೇ ನೀನು?"

ದುಡ್ಡು ಎಷ್ಟಾಗಿದೆ ಎಂದು ಅವನು ಕೇಳಲೇ ಇಲ್ಲ.